ಪೌತಿ ಖಾತೆಗೆ ಅಕ್ಕನ ಹಕ್ಕು ಬಿಡುಗಡೆ ಪತ್ರ ಬೇಕೇ?

ಪ್ರಶ್ನೆ: ನನ್ನ ಮದುವೆಯಾದದ್ದು 1988ರಲ್ಲಿ. ತಂದೆ 2003ರಲ್ಲಿ ತೀರಿಕೊಂಡರು. ತಾತನ ಕಾಲದಿಂದ ಬಂದ ನಾಲ್ಕು ಎಕರೆ ಜಮೀನು ಇನ್ನೂ ಅವರ ಹೆಸರಿನಲ್ಲೇ ಇದೆ. ಪೌತಿ ಖಾತೆ (ತೀರಿಕೊಂಡವರ ಹೆಸರಿನ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವುದು) ಮಾಡಿಸಬೇಕು, ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದು ಸಹಿ ಹಾಕು ಎಂದು ತಮ್ಮಂದಿರು ಕರೆಯುತ್ತಿದ್ದಾರೆ. ಮದುವೆಯಲ್ಲಿ ಒಡವೆ ಕೊಟ್ಟಾಗಿದೆ, 1994ಕ್ಕಿಂತ ಮೊದಲು ಮದುವೆಯಾದವರಿಗೆ ಪಾಲಿಲ್ಲ ಎನ್ನುತ್ತಾರೆ. ನಾನು ಸಹಿ ಹಾಕಬೇಕೇ?

ಉತ್ತರ: ಈ ವಾರ ಹಾಕಬೇಡಿ. ಮೊದಲು ಆ ಪತ್ರದ ಪ್ರತಿಯನ್ನು ಮನೆಗೆ ತರಿಸಿಕೊಂಡು ಓದಿ. ಪೌತಿ ಖಾತೆಗೆ ಬೇಕಾಗುವುದು ತಂದೆಯವರ ಮರಣ ಪ್ರಮಾಣಪತ್ರ, ವಂಶವೃಕ್ಷ ಮತ್ತು ಅರ್ಜಿ. ವಂಶವೃಕ್ಷದಲ್ಲಿ ನಿಮ್ಮ ಹೆಸರೂ ಇರಬೇಕು. ಸಬ್ ರಿಜಿಸ್ಟ್ರಾರ್ ಮುಂದೆ ಸಹಿ ಬೇಕು ಎಂದರೆ ಅದು ಬಹುಪಾಲು ಹಕ್ಕು ಬಿಡುಗಡೆ ಪತ್ರವೇ. ಖಾತೆಯ ಮಾತು ಹೇಳಿ ಹಕ್ಕನ್ನೇ ಬಿಡಿಸಿಕೊಂಡ ಕಾಗದಗಳನ್ನು ನಾನು ಬಹಳ ನೋಡಿದ್ದೇನೆ. ಪ್ರತಿ ಬಾರಿಯೂ ಸಂಕಟವಾಗುತ್ತದೆ.

1994ರ ಮಾತು ಪೂರ್ತಿ ಸುಳ್ಳಲ್ಲ, ಹಳೆಯದು. ಆ ವರ್ಷ ಕರ್ನಾಟಕದಲ್ಲಿ ಜಾರಿಗೆ ಬಂದ ತಿದ್ದುಪಡಿ, ಅದಕ್ಕೂ ಮೊದಲೇ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು. ಹಳ್ಳಿಯ ಪಂಚಾಯಿತಿ ಕಟ್ಟೆಗಳಲ್ಲಿ ಇಂದಿಗೂ ಅದೇ ಮಾತು ಓಡಾಡುತ್ತಿದೆ. ಆದರೆ 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯ್ದೆಯಲ್ಲಿ ಅಂಥ ಭೇದವಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಂತೆ ಮಗಳೂ ಹುಟ್ಟಿನಿಂದಲೇ ಪಾಲುದಾರಳು. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೆ ಏನು ಎಂಬ ಗೊಂದಲವನ್ನೂ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಬಗೆಹರಿಸಿತು: 2005ರಲ್ಲಿ ಕಾಯ್ದೆ ಜಾರಿಯಾದ ದಿನ ತಂದೆ ಬದುಕಿರಬೇಕಾಗಿಲ್ಲ. ಈ ಕಾಯ್ದೆ ಲಿಂಗಾಯತರಿಗೂ ಜೈನರಿಗೂ ಅನ್ವಯಿಸುತ್ತದೆ. ಒಡವೆ ನಿಮ್ಮ ಸ್ತ್ರೀಧನ, ಅಂದರೆ ನಿಮ್ಮದೇ ಸ್ವಂತ ಆಸ್ತಿ. ಅದನ್ನು ಕೊಟ್ಟ ಮಾತ್ರಕ್ಕೆ ಜಮೀನಿನ ಹಕ್ಕು ಅಳಿಯುವುದಿಲ್ಲ.

ಒಂದು ಅಡ್ಡಿ ಇರಬಹುದು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರದಿಂದಲೋ ಕೋರ್ಟ್ ಡಿಕ್ರಿಯಿಂದಲೋ ವಿಭಾಗವಾಗಿದ್ದರೆ ಅದನ್ನು ಕೆದಕಲಾಗದು. "ಬಾಯಿಮಾತಿನಲ್ಲಿ ಆಗಲೇ ಪಾಲಾಗಿತ್ತು" ಎಂಬ ವಾದವನ್ನು ನ್ಯಾಯಾಲಯ ಸುಲಭವಾಗಿ ಒಪ್ಪುವುದಿಲ್ಲ. ಇನ್ನು, ಜಮೀನು ತಂದೆಯ ಸ್ವಯಾರ್ಜಿತವಾಗಿದ್ದರೆ, ಅಂದರೆ ಅವರೇ ಸಂಪಾದಿಸಿದ್ದಾಗಿದ್ದರೆ, ಲೆಕ್ಕವೇ ಬೇರೆ: ಅವರು ಉಯಿಲು ಬರೆದಿದ್ದರೆ ಅದರಂತೆ, ಇಲ್ಲವಾದರೆ ತಾಯಿಗೂ ಎಲ್ಲ ಮಕ್ಕಳಿಗೂ ಸಮಪಾಲು.

ಪಹಣಿಯಲ್ಲಿ ತಮ್ಮಂದಿರ ಹೆಸರು ಮಾತ್ರ ಏರಿದರೂ ಎದೆಗುಂದಬೇಡಿ. ಪಹಣಿ ಕಂದಾಯದ ದಾಖಲೆ, ಅದೇ ಅಂತಿಮ ಮಾಲೀಕತ್ವವಲ್ಲ. ಆದರೂ ಸುಮ್ಮನಿರದೆ ತಹಶೀಲ್ದಾರರಿಗೆ ಲಿಖಿತ ತಕರಾರು ಕೊಟ್ಟು ಸ್ವೀಕೃತಿ ಪಡೆಯಿರಿ. ಪಾಲು ಇಲ್ಲವೆಂದು ಹೊರಗಿಟ್ಟದ್ದು ನಿಮಗೆ ತಿಳಿದ ದಿನದಿಂದ 12 ವರ್ಷದೊಳಗೆ ವಿಭಾಗದ ದಾವೆ ಹೂಡಬೇಕು. ತಿಳಿದೂ ತಿಳಿದೂ ವರ್ಷಗಳನ್ನು ಕಳೆಯಬಾರದು.

ತಮ್ಮಂದಿರ ಮೇಲಿನ ಪ್ರೀತಿಯಿಂದ ಪಾಲು ಬಿಟ್ಟುಕೊಡುವುದು ನಿಮ್ಮ ಇಷ್ಟ, ಅದಕ್ಕೆ ನನ್ನ ಗೌರವವಿದೆ. ಏನನ್ನು ಬಿಡುತ್ತಿದ್ದೀರಿ ಎಂದು ತಿಳಿದು ಬಿಡಿ, ಅಷ್ಟೇ.

ಮತ್ತೊಬ್ಬರ ಪ್ರಶ್ನೆ: ಇಂಥದೇ ಪತ್ರಕ್ಕೆ ಓದದೆ ಸಹಿ ಹಾಕಿಬಿಟ್ಟೆ. ಅದು ಹಕ್ಕು ಬಿಡುಗಡೆ ಪತ್ರ ಎಂದು ಹೋದ ತಿಂಗಳು ಗೊತ್ತಾಯಿತು. ವಕೀಲರಿಗೆ ಕೊಡಲು ಹಣವಿಲ್ಲ.

ಉತ್ತರ: ನೋಂದಾಯಿತ ಪತ್ರವನ್ನು ಮುರಿಯುವುದು ಕಷ್ಟ, ಅಸಾಧ್ಯವಲ್ಲ. ಮೋಸ ತಿಳಿದಂದಿನಿಂದ ಮೂರು ವರ್ಷದೊಳಗೆ ರದ್ದತಿಗೆ ದಾವೆ ಹೂಡಬಹುದು. ಮೋಸವಾಗಿದೆ ಎಂದು ತೋರಿಸುವ ಹೊಣೆ ನಿಮ್ಮದು. ನೋಂದಣಿ ಕಚೇರಿಯಿಂದ ಪತ್ರದ ದೃಢೀಕೃತ ನಕಲು ಪಡೆಯಿರಿ. ಯಾರು ಏನು ಹೇಳಿ ಕರೆದೊಯ್ದರು, ಜೊತೆಗೆ ಯಾರಿದ್ದರು ಎಂಬುದನ್ನು ನೆನಪಿರುವಾಗಲೇ ಬರೆದಿಡಿ. ಹಣದ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಸಿಗುತ್ತದೆ. ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ, ಅಥವಾ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಹೋಗುವಾಗ ಆ ನಕಲು, ಪಹಣಿ, ಆಧಾರ್ ಮೂರೂ ಕೈಯಲ್ಲಿರಲಿ.