ಮಾಸಿದ ಸಮಾಧಿಕಲ್ಲನ್ನು ಓದುವ ಬಗೆ

ಇಂಗ್ಲೆಂಡಿನ ಹಳೆಯ ಚರ್ಚೊಂದರ ಸ್ಮಶಾನಕ್ಕೆ ನಿಮ್ಮ ಬಡಾವಣೆಯ ತಂಡದೊಂದಿಗೆ ಹೋಗುವಾಗ, ಪೂರ್ವಜರೊಬ್ಬರ ಸಮಾಧಿಕಲ್ಲಿನ ಮಾಸಿದ ಅಕ್ಷರಗಳನ್ನು ಸೀಮೆಸುಣ್ಣ ಉಜ್ಜಿ ಓದಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಸೀಮೆಸುಣ್ಣವಾಗಲಿ ತಂತಿಯ ಬ್ರಷ್ಷಾಗಲಿ ಮೆದುವಾದ ಸುಣ್ಣಕಲ್ಲು, ಮರಳುಗಲ್ಲುಗಳ ಮೇಲ್ಪದರವನ್ನು ಕೆಡಿಸುತ್ತದೆ. ಕಲ್ಲುಹೂವನ್ನು ಕೆರೆದರೆ ಅದರೊಂದಿಗೆ ಅಕ್ಷರವೂ ಉದುರಬಹುದು. ಅದರ ಬದಲು ಕನ್ನಡಿಯಿಂದ ಬಿಸಿಲನ್ನು, ಮೋಡವಿದ್ದರೆ ಟಾರ್ಚಿನ ಬೆಳಕನ್ನು, ಕಲ್ಲಿನ ಒಂದು ಪಕ್ಕದಿಂದ ಓರೆಯಾಗಿ ಹಾಯಿಸಿದರೆ ಕೊರೆದ ಗೆರೆಗಳಲ್ಲಿ ನೆರಳು ನಿಂತು, ಎದುರಿನಿಂದ ಬೋಳುಗಲ್ಲಿನಂತೆ ಕಂಡದ್ದರಲ್ಲಿಯೂ 1 ಮತ್ತು 7ರ ವ್ಯತ್ಯಾಸ ತಿಳಿಯುವುದುಂಟು. ಬೆಳಕು ಹಿಡಿಯಲು ಒಬ್ಬರು, ಫೋಟೋ ತೆಗೆಯಲು ಇನ್ನೊಬ್ಬರು ಬೇಕಾಗುತ್ತಾರೆ. ತಂಡವಾಗಿ ಹೋಗುವುದರ ನಿಜವಾದ ಲಾಭ ಇದೇ ಎಂಬುದು ನನ್ನ ಅಭಿಪ್ರಾಯ. ಅಕ್ಕಪಕ್ಕದ ಕಲ್ಲುಗಳ ಫೋಟೋಗಳನ್ನೂ ತೆಗೆದುಕೊಳ್ಳಿ, ಏಕೆಂದರೆ ಬಂಧುಗಳನ್ನು ಹತ್ತಿರದಲ್ಲೇ ಹೂಳಿರುವ ಸಾಧ್ಯತೆ ಇರುತ್ತದೆ.

ಬಡವರ ಸಮಾಧಿಗಳಿಗೆ ಬಹುಮಟ್ಟಿಗೆ ಕಲ್ಲೇ ಇರುತ್ತಿರಲಿಲ್ಲವಾದ್ದರಿಂದ, ಹೊರಡುವ ಮುನ್ನವೇ ಪ್ಯಾರಿಷ್ ದಾಖಲೆಗಳನ್ನು, ಅಂದರೆ ಆಯಾ ಊರಿನ ಚರ್ಚು ಬರೆದಿಡುತ್ತಿದ್ದ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳ ಪುಸ್ತಕಗಳನ್ನು, ನೋಡುವುದು ಮೇಲು. ಇಂಗ್ಲೆಂಡಿನಲ್ಲಿ ಈ ದಾಖಲಾತಿ 1538ರಲ್ಲಿ ಆರಂಭವಾಯಿತಾದರೂ, ಶವಸಂಸ್ಕಾರದ ಪುಸ್ತಕದಲ್ಲಿ ವಯಸ್ಸಿಗೂ ವಾಸಸ್ಥಳಕ್ಕೂ ಮುದ್ರಿತ ಅಂಕಣಗಳು ಬಂದದ್ದು 1813ರಿಂದ. 1837ರ ಜುಲೈ 1ರಿಂದ ಈಚಿನ ಮರಣವಾಗಿದ್ದರೆ ಸರ್ಕಾರಿ ಮರಣ ಪ್ರಮಾಣಪತ್ರದ ಪ್ರತಿಯನ್ನೂ ಶುಲ್ಕ ಕಟ್ಟಿ ತರಿಸಿಕೊಳ್ಳಬಹುದು.