ಐದು ದಿನದಲ್ಲಿ ಕಿಲಿಮಂಜಾರೊ ಹತ್ತಬಹುದಾ?

ಪ್ರಶ್ನೆ: ನನಗೆ 44 ವರ್ಷ. ಕುಕ್ಕೆಯಿಂದ ಕುಮಾರ ಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿದಿದ್ದೇನೆ. ಮುಂದಿನ ವರ್ಷ ಟಾಂಜಾನಿಯಾದ ಕಿಲಿಮಂಜಾರೊ ಹತ್ತುವ ಆಸೆ. ಐದು ದಿನದ ಪ್ಯಾಕೇಜ್ ಅಗ್ಗಕ್ಕೆ ಸಿಗುತ್ತಿದೆ. ತಗೊಳ್ಳಲಾ? ಎತ್ತರದಲ್ಲಿ ಆಗುವ ಬಾಧೆಗೆ ನುಂಗುವ ಡಯಾಮಾಕ್ಸ್ ಮಾತ್ರೆ ಇದ್ದರೆ ಸಾಕಲ್ವಾ?
– ಓದುಗರೊಬ್ಬರು, ಪುತ್ತೂರು

ಉತ್ತರ: ಐದು ದಿನದ್ದು ಬೇಡ. ಅಂಥದ್ದೇ ಅಗ್ಗದ ಪ್ಯಾಕೇಜ್‌ನಲ್ಲಿ ಹೋಗಿ, ಶಿಖರ ಕಾಣದೆ ವಾಪಸ್ ಬಂದವನು ನಾನು.

ನಾನು ಹೋಗಿದ್ದು ಮರಂಗು ದಾರಿಯಲ್ಲಿ. ಡೇರೆಯ ಗೋಜಿಲ್ಲ, ಮರದ ಮನೆಗಳಲ್ಲಿ ಮಲಗೋಕೆ ಮಂಚ ಸಿಗುತ್ತದೆ. ಕೋಕಾ-ಕೋಲಾ ದಾರಿ ಅಂತಲೇ ಅದಕ್ಕೆ ಅಡ್ಡಹೆಸರು. ಮೊದಲ ರಾತ್ರಿ 2,700 ಮೀಟರ್, ಎರಡನೇ ರಾತ್ರಿ 3,720, ಮೂರನೇ ಸಂಜೆಗೆ 4,720. ಅವತ್ತೇ ನಡುರಾತ್ರಿ ಎಬ್ಬಿಸಿ ಶಿಖರಕ್ಕೆ ಹೊರಡಿಸುತ್ತಾರೆ. ನನ್ನ ಕಾಲು ಗಟ್ಟಿ, ಎಲ್ಲರಿಗಿಂತ ಮುಂದೆ ನಾನೇ. ಗೈಡ್ ಹಿಂದಿನಿಂದ ‘ಪೋಲೆ ಪೋಲೆ’ ಅನ್ನುತ್ತಲೇ ಇದ್ದ. ಸ್ವಾಹಿಲಿಯಲ್ಲಿ ನಿಧಾನ ನಿಧಾನ ಅಂತ. ಯಾರು ಕೇಳ್ತಾರೆ? 5,100 ಮೀಟರ್ ದಾಟಿದ ಮೇಲೆ ಹಾನ್ಸ್ ಮೇಯರ್ ಗುಹೆ ಇದೆ. 1889ರಲ್ಲಿ ಈ ಶಿಖರವನ್ನು ಮೊದಲು ಮುಟ್ಟಿದ ಇಬ್ಬರಲ್ಲಿ ಅವನೊಬ್ಬ. ಅಲ್ಲಿ ತಲೆ ಸಿಡಿಯತೊಡಗಿತು, ತಿಂದಿದ್ದ ಎರಡು ಬಿಸ್ಕತ್ತೂ ಹೊರಗೆ ಬಂತು. ಗೈಡ್ ಮುಖಕ್ಕೆ ಟಾರ್ಚ್ ಹಿಡಿದು ಹೆಸರು ಕೇಳಿದ. ಹೇಳಿದೆ. ಊರು ಕೇಳಿದ. ತಡವರಿಸಿದೆ. ಮರುಮಾತಿಲ್ಲದೆ ನನ್ನನ್ನು ಕೆಳಗೆ ತಿರುಗಿಸಿದ.

ಕುಮಾರ ಪರ್ವತ 1,712 ಮೀಟರ್. ಮಂಡಿಗೆ, ತೊಡೆಗೆ ಅದಕ್ಕಿಂತ ಒಳ್ಳೆ ತಾಲೀಮು ಬೇಕಿಲ್ಲ. ಕಿಲಿಮಂಜಾರೊ 5,895. ಅಲ್ಲಿ ಒಂದು ಉಸಿರಿಗೆ ಸಿಗುವ ಆಕ್ಸಿಜನ್, ಕುಕ್ಕೆಯಲ್ಲಿ ಸಿಗುವುದರ ಅರ್ಧದಷ್ಟು. ಮೈ ಅದಕ್ಕೆ ಒಗ್ಗೋಕೆ ದಿನಗಳೇ ಬೇಕು.

ಎರಡನೇ ಸಲ ಮಚಾಮೆ ದಾರಿಯಲ್ಲಿ ಏಳು ದಿನ ಹೋದೆ. ಒಂದು ಮಧ್ಯಾಹ್ನ 4,600 ಮೀಟರ್‌ನ ಲಾವಾ ಟವರ್‌ವರೆಗೆ ಹತ್ತಿಸಿ, ಊಟ ಮಾಡಿಸಿ, ಸಂಜೆಗೆ ಮತ್ತೆ 4,000ಕ್ಕಿಂತ ಕೆಳಗಿಳಿಸಿ ಮಲಗಿಸಿದರು. ಕಷ್ಟಪಟ್ಟು ಹತ್ತಿದ್ದನ್ನು ಸುಮ್ನೆ ಇಳಿಯಬೇಕಲ್ಲ ಅಂತ ಸಂಕಟವಾಯಿತು. ಆದರೆ ಮೈ ಒಗ್ಗಿದ್ದು ಅದರಿಂದಲೇ.

ಇನ್ನು ಮಾತ್ರೆ. ಡಯಾಮಾಕ್ಸ್ ಮೈ ಒಗ್ಗೋಕೆ ನೆರವಾಗುತ್ತದೆ, ಅಷ್ಟೇ. ದಿನಗಳ ಲೆಕ್ಕವನ್ನು ಅದು ತುಂಬಿಕೊಡುವುದಿಲ್ಲ. ಸಲ್ಫಾ ಔಷಧಿ ಆಗದವರಿಗೆ ತೊಂದರೆ ಕೊಡಬಹುದು, ಡಾಕ್ಟರನ್ನು ಕೇಳಿಯೇ ನುಂಗಿ. ನನಗೆ ಬೆರಳ ತುದಿ ಜುಮ್ಮೆನ್ನುತ್ತಿತ್ತು. ಮೂತ್ರವಂತೂ ಜಾಸ್ತಿ. ಆ ಚಳಿಯಲ್ಲಿ ರಾತ್ರಿ ಮೂರು ಸಲ ಡೇರೆಯ ಜಿಪ್ ಎಳೆದು ಹೊರಗೆ ಹೋಗುವ ಕಷ್ಟ ಹೋದವರಿಗೇ ಗೊತ್ತು.

ಇದು ಮಲಗಿರುವ ಜ್ವಾಲಾಮುಖಿ. ಕೊನೆಯ ಏರು ಪೂರ್ತಿ ಬೂದಿ, ಜಲ್ಲಿ. ರಾತ್ರಿ ಅದು ಹೆಪ್ಪುಗಟ್ಟಿರುವುದರಿಂದ ಕಾಲಿಗೆ ಹಿಡಿತ ಸಿಗುತ್ತದೆ. ಬೆಳಗ್ಗೆ ಇಳಿಯುವಾಗ ಸಡಿಲಾಗಿ ಪಾದ ಹೂತುಹೋಗುತ್ತದೆ. ಬೂಟಿನ ಬಾಯಿ ಮುಚ್ಚುವ ಗೇಟರ್ ಕಟ್ಟದೆ ಹೋದ ನಾನು ಕೆಳಗೆ ಬಂದು ಬೂಟು ಬೋರಲು ಹಾಕಿದರೆ ಒಂದು ಹಿಡಿ ಬೂದಿ! ನೀರಿನ ಬಾಟಲಿಯನ್ನು ತಲೆಕೆಳಗಾಗಿ ಇಟ್ಟುಕೊಳ್ಳಿ. ನೀರು ಮೇಲಿಂದ ಗಡ್ಡೆ ಕಟ್ಟುತ್ತದೆ, ಹೀಗಿಟ್ಟರೆ ಮುಚ್ಚಳದ ಬಾಯಿ ಕಟ್ಟಿಕೊಳ್ಳುವುದಿಲ್ಲ. ನನ್ನ ಬೆನ್ನಚೀಲದ ನೀರಿನ ಪೈಪ್ ಒಂದೇ ಗಂಟೆಯಲ್ಲಿ ಕಲ್ಲಾಗಿತ್ತು.

ದುಡ್ಡು ಉಳಿಸಬೇಕೆಂದರೆ ದಿನ ಕಡಿಮೆ ಮಾಡಬೇಡಿ. ಸ್ಲೀಪಿಂಗ್ ಬ್ಯಾಗ್, ಕೋಲು ಎಲ್ಲ ಬೆಟ್ಟದ ಬುಡದ ಮೋಶಿ ಊರಿನಲ್ಲೇ ಬಾಡಿಗೆಗೆ ಸಿಗುತ್ತವೆ. ಬೂಟು ಮಾತ್ರ ನಿಮ್ಮದೇ ಇರಲಿ. ಕುಮಾರ ಪರ್ವತಕ್ಕೆ ಹಾಕಿಕೊಂಡು ಹೋಗಿದ್ದಿರಲ್ಲ, ಅದೇ ಜೊತೆ.