ಆನ್‌ಲೈನ್ ಮಾರಾಟಕ್ಕೆ ಯಾವ ತೆರಿಗೆ ವಿವರ ಬೇಕು?

ಪ್ರಶ್ನೆ: ಬೆಟಗೇರಿಯ ನಮ್ಮ ಮಗ್ಗದ ಸೀರೆಗಳನ್ನು ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರಬೇಕೆಂದಿದ್ದೇನೆ. ವರ್ಷದ ವಹಿವಾಟು 3 ಲಕ್ಷ ರೂಪಾಯಿ ದಾಟುವುದಿಲ್ಲ. ಪ್ಯಾನ್, ಜಿಎಸ್‌ಟಿ ಎರಡೂ ಬೇಕೆ?
– ಓದುಗರೊಬ್ಬರು, ಗದಗ

ಉತ್ತರ: ಪ್ಯಾನ್ ಸಂಖ್ಯೆಯನ್ನು ತಪ್ಪದೆ ಸಲ್ಲಿಸಿರಿ. ವ್ಯಕ್ತಿಯೊಬ್ಬರ ಒಟ್ಟು ಮಾರಾಟವು ಆರ್ಥಿಕ ವರ್ಷದಲ್ಲಿ 5 ಲಕ್ಷ ರೂಪಾಯಿ ಮೀರದಿದ್ದು, ಪ್ಯಾನ್ ಅಥವಾ ಆಧಾರ್ ಸಲ್ಲಿಕೆಯಾಗಿದ್ದರೆ, ಆನ್‌ಲೈನ್ ಮಾರುಕಟ್ಟೆ ನಡೆಸುವ ಕಂಪನಿಯು ಟಿಡಿಎಸ್ (ಮೂಲದಲ್ಲೇ ಹಿಡಿಯುವ ಆದಾಯ ತೆರಿಗೆ) ಕಡಿತ ಮಾಡಬೇಕಿಲ್ಲ. ಸಲ್ಲಿಸದಿದ್ದರೆ ಮಾರಾಟದ ಮೊತ್ತದಲ್ಲಿ ಸಾಮಾನ್ಯ ದರವಾದ ಶೇ 0.1ರ ಬದಲು ಶೇ 5ರಷ್ಟು ಕಡಿತವಾಗುತ್ತದೆ, ಮತ್ತು ನೇಕಾರರ ಕೈಗೆ ಉಳಿಯುವ ಲಾಭವನ್ನು ನೋಡಿದರೆ ಇದು ಸಣ್ಣ ಮೊತ್ತವಲ್ಲ.

2023ರ ಅಕ್ಟೋಬರ್ 1ರಿಂದ, ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರದವರು ಕರ್ನಾಟಕದೊಳಗಷ್ಟೇ ಸರಕು ಮಾರುವುದಾದರೆ, ಜಿಎಸ್‌ಟಿ ನೋಂದಣಿಯ ಬದಲು ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ಮತ್ತು ವ್ಯವಹಾರ ಸ್ಥಳದ ವಿವರ ನೀಡಿ ಎನ್‌ರೋಲ್‌ಮೆಂಟ್ ಸಂಖ್ಯೆ ಪಡೆದರೆ ಸಾಕು. ಆದರೆ ಈ ಮಾರುಕಟ್ಟೆಯ ಮೂಲಕ ಮಹಾರಾಷ್ಟ್ರದ ಸೊಲ್ಲಾಪುರಕ್ಕೆ ಒಂದೇ ಸೀರೆ ಕಳುಹಿಸಿದರೂ ನೋಂದಣಿ ಕಡ್ಡಾಯ.